ವಿಮಾನದಲ್ಲಿ ಕಂಬ ಇರಲಿಲ್ಲ

ಶಿರಾಳಕೊಪ್ಪ ಅಂಚೆ, ಶಿಕಾರಿಪುರ ತಾಲೂಕು
೧೨–೪–೧೯೫೮

ಸೊಸೆ ವರದಮ್ಮನಿಗೆ ಮಾವ ಹುಚ್ಚರಾಯಪ್ಪನ ಆಶೀರ್ವಾದ.

ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ನೀನು ಈ ಮನೆಗೆ ಬಂದು ಎಂಟು ವರ್ಷವಾಯಿತು. ಇಷ್ಟು ದಿನ ನಿನಗೆ ಹೇಳಬೇಕಾದ್ದನ್ನೆಲ್ಲ ನಡುಮನೆಯ ಕಂಬಕ್ಕೆ ಹೇಳುತ್ತಿದ್ದೆ. ದನಕ್ಕೆ ನೀರು ತೋರಿಸಿ ಆಯಿತೇ ಎಂದು ಕಂಬವನ್ನು ಕೇಳಿದರೆ ನೀನು ಅಡಿಗೆಮನೆಯಿಂದ ನಿಮ್ಮತ್ತೆಗೆ ಹೇಳುತ್ತಿದ್ದೆ, ಅವಳು ನನಗೆ ಹೇಳುತ್ತಿದ್ದಳು. ನಮ್ಮಪ್ಪನೂ ನಿಮ್ಮತ್ತೆ ಹತ್ತಿರ ಹಾಗೇ ಮಾತಾಡಿದ್ದು, ಅದೇ ಕಂಬ. ಈಗ ನೀನು ಗುಡವಿಯಲ್ಲಿ ತವರಿನಲ್ಲಿದ್ದೀ. ನಿನ್ನ ಗಂಡ ಕಲ್ಲಪ್ಪ ಕುರಿ ಹಿಂಡಿನ ಜೊತೆ ಊರೂರು ಅಲೆಯುತ್ತಿದ್ದಾನೆ. ನಿಮ್ಮತ್ತೆ ದ್ಯಾಮಮ್ಮನಿಗೆ ಅಕ್ಷರ ಬರುವುದಿಲ್ಲ. ಇಲ್ಲಿ ಕಂಬಕ್ಕೆ ಹೇಳಿದರೆ ಗುಡವಿಗೆ ಕೇಳಿಸುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ವಿಷಯ ಇಷ್ಟು. ಮೊನ್ನೆ ಪೊಲೀಸಿನವನೊಬ್ಬ ಸೈಕಲ್ಲಿನಲ್ಲಿ ಬಂದು ನಿನ್ನ ಹೆಸರಿಗೆ ಸಮನ್ಸು ಕೊಟ್ಟು ಹೋದ. ಶಿಕಾರಿಪುರಕ್ಕೆ ಹೋಗಿ ವಕೀಲ ಮಹೇಶ್ವರಪ್ಪನವರಿಗೆ ತೋರಿಸಿದೆ. ಅವರು ಓದಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಫೆಬ್ರವರಿ ಇಪ್ಪತ್ತೆರಡರಂದು ಬೆಂಗಳೂರಿಗೆ ಬರುತ್ತಿದ್ದ ವಿಮಾನದಲ್ಲಿ, ಇಳಿಯುವ ಹೊತ್ತಿಗೆ ಎಲ್ಲರೂ ಕೂತು ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಬೇಕೆಂದು ಕ್ಯಾಪ್ಟನ್ ಕೊಟ್ಟ ಹುಕುಮನ್ನು ವರದಮ್ಮ ಕೋಂ ಕಲ್ಲಪ್ಪ ಮೀರಿದಳು. ಅವಳನ್ನು ಕೂರಿಸಲು ಬಂದ ವಿಮಾನದ ಹುಡುಗಿ ಬಿದ್ದು ಕೈ ಮುರಿದುಕೊಂಡಳು. ಕಾಯಿದೆ ಪ್ರಕಾರ ಇದಕ್ಕೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ ಜುಲ್ಮಾನೆ, ಇಲ್ಲವೇ ಎರಡೂ. ಜೂನ್ ಹದಿನಾರಕ್ಕೆ ಬೆಂಗಳೂರಿನ ಮ್ಯಾಜಿಸ್ಟ್ರೇಟರ ಮುಂದೆ ನೀನು ಹಾಜರಿರಬೇಕು.

ದೆಹಲಿಯ ರೈತರ ಮೇಳಕ್ಕೆ ಕರೆ ಬಂದದ್ದೇ ತಪ್ಪಾಯಿತು. ಜಪಾನಿ ಪದ್ಧತಿಯಲ್ಲಿ ಹಗ್ಗ ಹಿಡಿದು ಸಾಲು ನಾಟಿ ಮಾಡಿ ತಾಲೂಕಿಗೇ ಹೆಚ್ಚು ಭತ್ತ ಬೆಳೆದೆವು ಅಂತ ಬಹುಮಾನ ಕೊಟ್ಟರು, ಮನೆಯಿಂದ ಒಬ್ಬ ಗಂಡಸು ಒಬ್ಬ ಹೆಂಗಸು ಬನ್ನಿ ಅಂದರು. ನಿಮ್ಮತ್ತೆ, "ಸತ್ತ ಮೇಲೆ ಹೆಂಗೂ ಮೇಲೇ ಹೋಗದು, ಈಗ್ಲೇ ಯಾಕೆ ಅವಸ್ರ" ಅಂತ ನಿನ್ನನ್ನು ಮುಂದೆ ಮಾಡಿದಳು. ಹೋಗುವಾಗ ರೈಲಿನಲ್ಲಿ ಹೆಂಗಸರ ಡಬ್ಬಿ ಬೇರೆಯಿತ್ತು, ತೊಂದರೆಯಾಗಲಿಲ್ಲ. ಬರುವಾಗ ವಿಮಾನ ಹತ್ತಿಸಿ ಗೌರವ ಮಾಡುತ್ತೇವೆ ಅಂದರು. ಆ ಗೌರವ ಈಗ ಕೋರ್ಟಿಗೆ ತಂದು ನಿಲ್ಲಿಸಿದೆ.

ವಕೀಲರು ಒಂದು ದಾರಿ ತೋರಿಸಿದ್ದಾರೆ. ನಿನಗೆ ಅವರ ಭಾಷೆ ತಿಳಿಯಲಿಲ್ಲ, ತಲೆ ಸುತ್ತಿ ದಿಕ್ಕು ತೋಚದೆ ನಿಂತುಬಿಟ್ಟೆ ಅಂತ ಬರೆದುಕೊಟ್ಟಿದ್ದಾರೆ. ಜೊತೆಯಲ್ಲಿರುವ ಹಾಳೆಗೆ ರುಜು ಹಾಕಿ ಕಳಿಸು. ಮಿಕ್ಕದ್ದು ಅವರು ನೋಡಿಕೊಳ್ಳುತ್ತಾರೆ. ನಿಮ್ಮವ್ವನ ಜ್ವರ ಬಿಟ್ಟಿತೇ?

ಇತಿ,
ಹುಚ್ಚರಾಯಪ್ಪ


ಗುಡವಿ, ಸೊರಬ ತಾಲೂಕು
೨೩–೪–೧೯೫೮

ಮಾವನವರಿಗೆ ವರದಮ್ಮನ ನಮಸ್ಕಾರಗಳು.

ನಿಮ್ಮ ಕಾಗದ ಅಂತ ಗೊತ್ತಾದ ಕೂಡಲೇ ಎದ್ದು ನಿಂತು ಓದಿದೆ. ಅಣ್ಣ ಕೆಂಪಪ್ಪ ನೋಡಿ ನಕ್ಕ. ಮಾವ ಬಂದಿಲ್ಲ ಮಾರಾಯ್ತಿ, ಕಾಗದ ಬಂದಿರೋದು ಅಂದ. ಆಮೇಲೆ ನಾಲ್ಕು ದಿನ ಅದನ್ನು ಅಕ್ಕಿ ಮಡಕೆಯ ಹಿಂದೆ ಇಟ್ಟಿದ್ದೆ. ನೇರವಾಗಿ ನಿಮಗೆ ಉತ್ತರ ಬರೆಯುವುದು ಹೇಗೆ ಅಂತಲೇ ತಿಳಿಯಲಿಲ್ಲ.

ಹಾಳೆಗೆ ರುಜು ಹಾಕಿಲ್ಲ. ಸಿಟ್ಟಾಗಬೇಡಿ, ಪೂರ್ತಿ ಓದಿ.

ಬೆಂಗಳೂರು ಹತ್ತಿರ ಬರುವ ತನಕ ನಾನು ಹಿಂದಿನ ಸಾಲಿನಲ್ಲಿ ಶಿವಮೊಗ್ಗದ ಟೀಚರಮ್ಮ ಈಶ್ವರಮ್ಮನವರ ಪಕ್ಕ ಕೂತಿದ್ದೆ. ನೀವು ಮುಂದೆ ಇದ್ದಿರಿ, ನಿಮ್ಮ ರುಮಾಲಿನ ತುದಿ ಮಾತ್ರ ಕಾಣುತ್ತಿತ್ತು. ಬೆನ್ನ ಹಿಂದೆ ಕೂತರೆ ದೋಷವಿಲ್ಲ ಅಂತ ಧೈರ್ಯ ತಂದುಕೊಂಡಿದ್ದೆ. ಅಷ್ಟರಲ್ಲಿ ಈಶ್ವರಮ್ಮನವರಿಗೆ ವಾಂತಿಯಾಗಿ ಎರಡು ಸೀಟೂ ಒದ್ದೆಯಾದವು. ಆ ಹುಡುಗಿ ಅವರನ್ನು ಒಂದು ಕಡೆ ಕೂರಿಸಿ, ನನ್ನ ಕೈ ಹಿಡಿದು ಮುಂದೆ ಕರೆತಂದು ನಿಮ್ಮ ಪಕ್ಕದ ಸೀಟು ತೋರಿಸಿದಳು. ಇನ್ನು ಖಾಲಿ ಉಳಿದದ್ದು ಅದೊಂದೇ. ನಾನು ಕೂರಲಿಲ್ಲ. ತಲೆಯ ಮೇಲಿನ ಕಂಬಿ ಹಿಡಿದು ನಿಂತೆ.

ಅವಳು ಇಂಗ್ಲಿಷಿನಲ್ಲಿ ಹೇಳಿದಳು, ಹಿಂದಿಯಲ್ಲಿ ಹೇಳಿದಳು, ಕೈಸನ್ನೆ ಮಾಡಿದಳು. ಹಿಂದಿನ ಸೀಟಿನಲ್ಲಿದ್ದ ಧಾರವಾಡದ ಕಡೆಯವರೊಬ್ಬರು, "ಕುಂದ್ರಬೇಕಂತ ತಂಗಿ. ವಿಮಾನ ಇಳೀಲಿಕ್ಕತ್ತೈತಿ, ಕ್ಯಾಪ್ಟನ್ ಹುಕುಂ ಆಗೈತಿ" ಅಂತ ಬಿಡಿಸಿ ಹೇಳಿದರು. ಹೀಗಿರುವಾಗ ತಿಳಿಯಲಿಲ್ಲ ಅಂತ ಹೇಗೆ ರುಜು ಹಾಕಲಿ? ನನಗೆ ತಲೆಯೂ ಸುತ್ತಿರಲಿಲ್ಲ. ಮಾವ ಕೂತ ಕಡೆ ಸೊಸೆ ಸರಿಸಮ ಕೂರಬಾರದು ಅನ್ನುವುದು ಬಿಟ್ಟರೆ ಬೇರೇನೂ ತಲೆಯಲ್ಲಿ ಇರಲಿಲ್ಲ. ಶಿರಾಳಕೊಪ್ಪದ ಸಂತೆಯಿಂದ ಬರುವಾಗ ನೀವು ಬಂಡಿಯಲ್ಲಿದ್ದರೆ ನಾನು ಎರಡು ಹರದಾರಿ ದಾರಿಯನ್ನೂ ಬಂಡಿಯ ಹಿಂದೆ ನಡೆದೇ ಬಂದವಳಲ್ಲವೇ?

ವಿಮಾನ ಹಳ್ಳಕ್ಕಿಳಿದ ಬಂಡಿಯ ಹಾಗೆ ಕುಸಿಯಿತು. ನಾನು ಕಂಬಿ ಹಿಡಿದಿದ್ದೆ, ನನಗೇನೂ ಆಗಲಿಲ್ಲ. ಆ ಹುಡುಗಿ ನನ್ನ ಭುಜ ಹಿಡಿದಿದ್ದಳು, ಅವಳಿಗೆ ಬೇರೆ ಆಧಾರವಿರಲಿಲ್ಲ. ಕೈ ಮುರಿದ ಸದ್ದು ನನಗೆ ಕೇಳಿಸಿತು. ಸೆರಗು ಹರಿದು ಕಟ್ಟಿದೆ. ಅವಳು ಅಳಲಿಲ್ಲ, ತುಟಿ ಕಚ್ಚಿಕೊಂಡಿದ್ದಳು. ನಿಮ್ಮ ಮರ್ಯಾದೆ ನಾನು ಕಾದೆ, ಕೈ ಅವಳದು ಹೋಯಿತು. ಇದನ್ನು ಎಷ್ಟು ಸಲ ಯೋಚಿಸಿದರೂ ನನಗೆ ಸಮಾಧಾನವಾಗುತ್ತಿಲ್ಲ. ಅವಳ ಕೈ ಈಗ ಹೇಗಿದೆ ಅಂತ ವಕೀಲರಿಗೆ ಗೊತ್ತಿದ್ದರೆ ಕೇಳಿ ಬರೆಯಿರಿ.

ಅವ್ವನಿಗೆ ಜ್ವರ ಬಂದೇ ಇಲ್ಲ. ಬಾವಿಕಟ್ಟೆಯಲ್ಲಿ ಎಲ್ಲರೂ ನನ್ನನ್ನು ವಿಮಾನದಲ್ಲಿ ಕೈ ಮುರಿದವಳು ಅಂತ ತೋರಿಸುತ್ತಿದ್ದರು. ಅದನ್ನಾದರೂ ತಡೆದುಕೊಳ್ಳುತ್ತಿದ್ದೆ. ಬೆಂಗಳೂರಿನಿಂದ ಮನೆಗೆ ಬರುವ ತನಕ ನೀವು ಒಂದು ಮಾತೂ ಆಡಲಿಲ್ಲ, ಬಂದ ಮೇಲೆ ಕಂಬಕ್ಕೂ ಏನೂ ಹೇಳಲಿಲ್ಲ. ಅದಕ್ಕೇ ಯುಗಾದಿ ಮುಗಿಸಿ ಬಂದುಬಿಟ್ಟೆ.

ಇತಿ ನಿಮ್ಮ ಸೊಸೆ,
ವರದಮ್ಮ


ಶಿರಾಳಕೊಪ್ಪ ಅಂಚೆ
೬–೫–೧೯೫೮

ವರದಮ್ಮನಿಗೆ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಕೋರ್ಟು ಅಂದರೆ ನಿಮ್ಮೂರ ಕೆರೆ ಏರಿ ಅಂದುಕೊಂಡೆಯಾ, ಹೋಗಿ ಮನಸ್ಸಿಗೆ ಬಂದದ್ದು ಹೇಳಿ ಬರಲು? ನೀನು ತಿಳಿದೂ ನಿಂತೆ ಅಂತ ಬಾಯಿಬಿಟ್ಟರೆ ಮುಗಿಯಿತು, ಸೀದಾ ಸಜೆ ಅನ್ನುತ್ತಾರೆ ವಕೀಲರು. ನಮ್ಮ ವಂಶದಲ್ಲಿ ಯಾವ ಗಂಡಸೂ ಜೈಲು ಕಂಡಿಲ್ಲ, ಸೊಸೆಯನ್ನು ಕಳಿಸಬೇಕೇ? ನಾಳೆ ಕಲ್ಲಪ್ಪ ಯಾರ ಹೊಲದಲ್ಲಿ ಮುಖವೆತ್ತಿ ಕುರಿ ನಿಲ್ಲಿಸುತ್ತಾನೆ? ಬಾವಿಕಟ್ಟೆಯ ಮಾತಿಗೇ ತವರಿಗೆ ಓಡಿದವಳು ಜೈಲಿನಲ್ಲಿ ಮೂರು ತಿಂಗಳು ಹೇಗಿರುತ್ತೀ?

ನಾನು ಮಾತಾಡಲಿಲ್ಲ ಅನ್ನುತ್ತೀ. ಬಸ್ಸಿನಲ್ಲಿ ನಿನ್ನ ಹತ್ತಿರ ನಾನೇನು ಮಾತಾಡಲಿ? ಎಂದಾದರೂ ಮಾತಾಡಿದವನೇ? ಇನ್ನೊಂದು ಮಾತು. ನೀನು ಹಾಗೆ ನಿಂತಿದ್ದೀ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಕಿಟಕಿಯಿಂದ ಕೆಳಗೆ ಕಾಣುವ ಹೊಲ, ಕೆರೆ ನೋಡುತ್ತಾ ಮೈಮರೆತಿದ್ದೆ. ಗೊತ್ತಾಗಿದ್ದರೆ ಏನಾದರೂ ಮಾಡುತ್ತಿದ್ದೆ. ಸಾಕ್ಷಿ ಹೇಳುವಾಗಲೂ ಇದನ್ನೇ ಹೇಳುತ್ತೇನೆ.

ಆ ಹುಡುಗಿಯ ಕೈಗೆ ಇನ್ನೂ ಪಟ್ಟು ಹಾಕಿದ್ದಾರಂತೆ. ವಕೀಲರು ಹಾಳೆಯನ್ನು ಹೊಸದಾಗಿ ಬರೆದುಕೊಟ್ಟಿದ್ದಾರೆ. ಈ ಸಲ ಸುಮ್ಮನೆ ರುಜು ಹಾಕು.

ಹುಚ್ಚರಾಯಪ್ಪ


ಗುಡವಿ
೧೪–೫–೧೯೫೮

ಮಾವನವರಿಗೆ ನಮಸ್ಕಾರಗಳು.

ಎರಡನೆಯ ಹಾಳೆಯನ್ನೂ ಹಾಗೇ ಹಿಂದಕ್ಕೆ ಕಳಿಸಿದ್ದೇನೆ.

ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಅಂತ ವಿಮಾನ ಹೈದರಾಬಾದಿನಲ್ಲಿ ನಿಂತಾಗಲೇ ನೀವು ಕಿಟಕಿಯ ಪರದೆ ಎಳೆಸಿಕೊಂಡಿರಿ. ಬೆಂಗಳೂರಿನಲ್ಲಿ ಇಳಿಯುವ ತನಕ ಅದು ಎಳೆದೇ ಇತ್ತು.

ಇದನ್ನು ನಾನು ಕೋರ್ಟಿನಲ್ಲಿ ಹೇಳುವುದಿಲ್ಲ.

ವರದಮ್ಮ


ಶಿರಾಳಕೊಪ್ಪ ಅಂಚೆ
೪–೬–೧೯೫೮

ತಾಯೀ ವರದಮ್ಮ,

ಮೂರು ವಾರದಿಂದ ನಿನ್ನ ಕಾಗದ ನನ್ನ ಜೇಬಿನಲ್ಲೇ ಇದೆ. ಏನು ಬರೆದಿದ್ದಾಳೆ ಅಂತ ದ್ಯಾಮಮ್ಮ ದಿನಕ್ಕೆರಡು ಸಲ ಕೇಳಿದಳು. ಹೇಳಲಿಲ್ಲ. ಹೇಳುವ ಮುಖ ಇರಲಿಲ್ಲ.

ಪರದೆ ಎಳೆದಿತ್ತು. ನನಗೆ ಎಲ್ಲವೂ ಗೊತ್ತಿತ್ತು. ನೀನು ಬಂದು ನಿಂತದ್ದು ಗೊತ್ತಿತ್ತು, ನಿನ್ನ ಬಳೆ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಇತ್ತು. ಆ ಹುಡುಗಿ ಮೂರು ಸಲ ಹೇಳಿದ್ದೂ ಕೇಳಿಸಿತು. ಧಾರವಾಡದವರು ಹೇಳಿದ್ದೂ ಕೇಳಿಸಿತು. ಇವಳು ನನ್ನ ಒಂದು ಮಾತಿಗೆ ಕಾಯುತ್ತಿದ್ದಾಳೆ ಅನ್ನುವುದೂ ಗೊತ್ತಿತ್ತು. ಹೇಳೋಣವೆಂದು ಬಾಯಿ ತೆರೆದೆ. ಯಾರ ಕಡೆ ತಿರುಗಿ ಹೇಳುವುದು? ಮನೆಯಲ್ಲಾದರೆ ಕಂಬವಿದೆ. ವಿಮಾನದಲ್ಲಿ ಕಂಬ ಇರಲಿಲ್ಲ. ನಿನ್ನ ಮುಖ ನೋಡಿಯೇ ಹೇಳಬೇಕಿತ್ತು. ಅರವತ್ತೆರಡು ವರ್ಷದ ಗಂಡಸಿಗೆ ಅಷ್ಟು ಧೈರ್ಯ ಬರಲಿಲ್ಲ. ನಾನೇ ಎದ್ದು ನಿಲ್ಲಬಹುದಿತ್ತು, ಅದೂ ಹೊಳೆಯಲಿಲ್ಲ.

ಇನ್ನೊಂದಿದೆ, ಅದನ್ನೂ ಬರೆದುಬಿಡುತ್ತೇನೆ. ಆ ಸೂಟು ಬೂಟಿನವರ ನಡುವೆ, ದೆಹಲಿಯಲ್ಲಿ ನಾಲ್ಕು ದಿನ ನನ್ನನ್ನು ಯಾರೂ ಮಾತಾಡಿಸದೆ ಇದ್ದ ಮೇಲೆ, ನನ್ನ ಸೊಸೆ ಕ್ಯಾಪ್ಟನ್ ಹೇಳಿದರೂ ಕೇಳದೆ ನನ್ನ ಮುಂದೆ ಕೂರದೆ ನಿಂತಿದ್ದಾಳೆ ಅಂತ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ನೋಡಲಿ ಎಲ್ಲರೂ, ನಿಂತುಕೊಳ್ಳಲಿ ಇನ್ನೊಂದು ಗಳಿಗೆ ಅನ್ನಿಸಿತು. ಆ ಗಳಿಗೆಯಲ್ಲೇ ವಿಮಾನ ಕುಸಿದದ್ದು. ನನ್ನ ಈ ಹೆಮ್ಮೆಗೆ ಆ ಹುಡುಗಿಯ ಕೈ ಮುರಿಯಿತು. ಸಮನ್ಸಿನಲ್ಲಿ ನಿನ್ನ ಹೆಸರಿದೆ. ಬಹುಮಾನದ ಪತ್ರದಲ್ಲಿ ನನ್ನ ಹೆಸರಿದೆ, ಆ ನಾಟಿಗೆ ಹಗ್ಗ ಹಿಡಿದವಳು ನೀನು. ಎರಡೂ ಕಡೆ ಹೆಸರು ಅದಲು ಬದಲಾಗಿದೆ.

ಇದನ್ನು ಕೋರ್ಟಿನಲ್ಲಿ ಹೇಳುತ್ತೇನೆ ಅಂದದ್ದಕ್ಕೆ ಮಹೇಶ್ವರಪ್ಪನವರು ತಲೆ ಚಚ್ಚಿಕೊಂಡರು. "ಹುಚ್ಚರಾಯಪ್ನೋರೆ, ನೀವು ಹೇಳಿದ್ರೂ ಶಿಕ್ಷೆ ಅವ್ಳಿಗೇ ಕಣ್ರೀ. ಹುಕುಂ ಮೀರಿದ್ದು ಅವ್ಳು" ಅಂದರು. ಕಾಯಿದೆ ಹಾಗಿದೆಯಂತೆ. ಹಾಗಿದ್ದರೆ ಇರಲಿ, ನಾನು ಬಂದೇ ಬರುತ್ತೇನೆ. ನಿನ್ನ ಇಷ್ಟದಂತೆ ನೀನು ಹೇಳು.

ಹುಚ್ಚರಾಯಪ್ಪ


ಗುಡವಿ
೨೦–೬–೧೯೫೮

ಹರಿಹರದ ಕಡೆ ಕುರಿಹಟ್ಟಿಯಲ್ಲಿರುವ ಯಜಮಾನರಿಗೆ ವರದಮ್ಮ ಮಾಡುವ ನಮಸ್ಕಾರಗಳು.

ಕೋರ್ಟಿನಲ್ಲಿ ಏನಾಯಿತು ಅಂತ ನೀವು ಹೇಳಿಕಳಿಸಿದ್ದಿರಿ. ಜೈಲಾಗಲಿಲ್ಲ. ಆಯಿತು ಅಂದರೂ ಆಯಿತು. ಓದಿದರೆ ತಿಳಿಯುತ್ತದೆ.

ಅಣ್ಣನ ಜೊತೆ ಹೋಗಿದ್ದೆ. ಮಾವ ಹಿಂದಿನ ದಿನವೇ ವಕೀಲರ ಜೊತೆ ಬಂದಿದ್ದರು, ಹೆಗಲ ಮೇಲೆ ಅದೇ ಕರಿ ಕಂಬಳಿ. ಮೊದಲು ಆ ಹುಡುಗಿ ಬಂದು ಸಾಕ್ಷಿ ಹೇಳಿದಳು. ಪಟ್ಟು ಬಿಚ್ಚಿದ್ದಾರೆ, ಆದರೆ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ನಾನು ಮೂರು ಸಲ ಹೇಳಿದೆ, ಇವರು ಕೂರಲಿಲ್ಲ ಅಂದಳು. ಆಮೇಲೆ ಯಾರೂ ಕೇಳದೆಯೇ, ಸೀರೆ ಹರಿದು ನನ್ನ ಕೈ ಕಟ್ಟಿದ್ದೂ ಇವರೇ ಅಂದಳು. ಅವಳ ಮಾತನ್ನು ಒಬ್ಬರು ಕನ್ನಡದಲ್ಲಿ ಹೇಳುತ್ತಿದ್ದರು. ನನಗೆ ಕಣ್ಣೀರು ತಡೆಯಲಾಗಲಿಲ್ಲ.

ಮ್ಯಾಜಿಸ್ಟ್ರೇಟರು ನನ್ನನ್ನು ಕೇಳಿದರು. ಅವಳು ಹೇಳಿದ್ದೆಲ್ಲ ನಿಜ, ನನಗೆ ತಿಳಿದಿತ್ತು, ತಪ್ಪು ನನ್ನದು ಅಂದೆ. ನಮ್ಮ ವಕೀಲರು ಕಾಗದ ಮಡಚಿ ಕೂತರು. ತಿಳಿದಿದ್ದರೆ ಯಾಕೆ ಕೂರಲಿಲ್ಲ ಅಂತ ಮ್ಯಾಜಿಸ್ಟ್ರೇಟರು ಕೇಳಿದರು. ಮಾವ ಕೂತಿದ್ದರು ಅಂದೆ. ಕೋರ್ಟಿನಲ್ಲಿ ಕೆಲವರು ನಕ್ಕರು, ಅವರು ನಗಲಿಲ್ಲ. ನಿಮ್ಮ ಮಾವ ಕೂರಬೇಡ ಅಂದರೇ ಅಂತ ಕೇಳಿದರು. ಇಲ್ಲ ಅಂದೆ. ಕೂತುಕೋ ಅಂದರೇ ಅಂತ ಕೇಳಿದರು. ನಾನು ಸುಮ್ಮನಿದ್ದೆ.

ಆಗ ಮಾವ ಹಿಂದಿನಿಂದ ಎದ್ದು ನಿಂತರು. "ಅನ್ಲಿಲ್ಲ ಸ್ವಾಮಿ. ಅನ್ಬೇಕಿತ್ತು. ತಪ್ಪು ನಂದು, ಬರ್ಕಳಿ" ಅಂದರು.

ಮ್ಯಾಜಿಸ್ಟ್ರೇಟರು ಲೇಖನಿ ಕೆಳಗಿಟ್ಟರು. ನಮ್ಮ ಮನೆಯಲ್ಲೂ ಈ ಪದ್ಧತಿ ಇದೆ, ಆದರೆ ವಿಮಾನದೊಳಗೆ ಕ್ಯಾಪ್ಟನ್ನೇ ಹಿರಿಯ, ಅಲ್ಲಿ ಮಾವ ಸೊಸೆ ಅಂತ ಇಲ್ಲ, ಅಷ್ಟು ಜನರ ಜೀವ ಅವನ ಒಂದು ಮಾತಿನ ಮೇಲಿರುತ್ತದೆ ಅಂದರು. ನನಗೆ ಅದು ಸರಿಯಾಗಿಯೇ ಕಂಡಿತು. ಆಮೇಲೆ ಇಪ್ಪತ್ತೈದು ರೂಪಾಯಿ ಜುಲ್ಮಾನೆ, ಕೋರ್ಟು ಏಳುವ ತನಕ ಸಜೆ ಅಂತ ಓದಿದರು. ಸಜೆ ಅನ್ನುವ ಮಾತು ಕೇಳಿ ಅಣ್ಣ ಗೋಡೆಗೆ ಒರಗಿದ. ಹೆದರಬೇಡಿ, ಸಂಜೆ ಕೋರ್ಟು ಮುಗಿಯುವ ತನಕ ಇಲ್ಲೇ ಆ ಬೆಂಚಿನ ಮೇಲೆ ಕೂತಿರಬೇಕು, ಅದೇ ಸಜೆ ಅಂತ ವಕೀಲರು ಬಿಡಿಸಿ ಹೇಳಿದರು.

ಬೆಂಚು ಇದ್ದದ್ದು ಒಂದೇ. ಅದರ ಮೇಲೆ ಮಾವ ಕೂತಿದ್ದರು.

ನಾನು ಪಕ್ಕದಲ್ಲಿ ಹೋಗಿ ನಿಂತೆ. ಪೊಲೀಸಿನವರು ಕೂರಮ್ಮ ಅಂದರು. ಕಾಲು ಬಾಗಲಿಲ್ಲ ರೀ. ಬೇಕೆಂದು ಮಾಡಿದ್ದಲ್ಲ, ಎಂಟು ವರ್ಷದ ರೂಢಿ. ಮತ್ತೊಮ್ಮೆ ಹುಕುಂ ಆಗಿದೆ, ಮತ್ತೊಮ್ಮೆ ಮೀರುತ್ತಿದ್ದೇನೆ, ಮ್ಯಾಜಿಸ್ಟ್ರೇಟರು ನೋಡುತ್ತಿದ್ದಾರೆ, ಆ ಹುಡುಗಿಯೂ ನೋಡುತ್ತಿದ್ದಾಳೆ. ಮಾವ ಎದ್ದು ಆಚೆ ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಸ್ವಲ್ಪ ಸರಿದು, ಹೆಗಲ ಕಂಬಳಿ ತೆಗೆದು ಬೆಂಚಿಗೆ ಇಬ್ಬರಿಗಾಗುವಷ್ಟು ಹಾಸಿದರು. ನನ್ನ ಮುಖ ನೋಡಿದರು.

"ಕುಂತ್ಕಳವ್ವ ವರದಮ್ಮ" ಅಂದರು.

ನಾನು ಕೂತೆ. ಸಂಜೆ ಐದರ ತನಕ ಕೂತಿದ್ದೆವು. ಮಧ್ಯಾಹ್ನ ಅತ್ತೆ ಕಟ್ಟಿಕೊಟ್ಟಿದ್ದ ರೊಟ್ಟಿ ಬಿಚ್ಚಿ ಮಾವನೇ ನನ್ನ ಕೈಗೆ ಕೊಟ್ಟರು. ಆ ಹುಡುಗಿ ಹೋಗುವಾಗ ನಮ್ಮ ಮುಂದೆ ನಿಂತು, ನಾನು ಕೂತದ್ದನ್ನು ನೋಡಿ, ಎಡಗೈ ಎತ್ತಿ ನಮಸ್ಕಾರ ಮಾಡಿದಳು. ನಾನು ಎದ್ದು ನಿಲ್ಲಹೊರಟೆ. ಬೇಡ, ಕೂತಿರಿ ಅಂತ ಕೈಸನ್ನೆ ಮಾಡಿದಳು, ಆ ದಿನ ಮಾಡಿದ ಅದೇ ಸನ್ನೆ.

ಕೋರ್ಟು ಮುಗಿದ ಮೇಲೆ ಅಣ್ಣ ನನ್ನನ್ನು ಗುಡವಿಗೆ ಕರೆತಂದ. ಮನೆಗೆ ಬಾ ಅಂತ ಯಾರೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಕೆರೆಯಲ್ಲಿ ಹಕ್ಕಿಗಳು ಬಂದು ಗೂಡು ಕಟ್ಟುತ್ತಿವೆ. ಮಳೆ ಹಿಡಿಯುವ ಮುಂಚೆ ನಿಮ್ಮ ಕಂಬಳಿಗಳನ್ನು ಬಿಸಿಲಿಗೆ ಹಾಕಿಕೊಳ್ಳಿ.

ಇತಿ,
ವರದಮ್ಮ


ಶಿರಾಳಕೊಪ್ಪ ಅಂಚೆ
೨೮–೬–೧೯೫೮

ತಾಯೀ ವರದಮ್ಮ,

ಬೆಂಗಳೂರಿನಲ್ಲಿ ಬಸ್ಸು ಹತ್ತುವಾಗ ನಿನ್ನನ್ನು ಮನೆಗೆ ಕರೆಯಬೇಕಿತ್ತು. ಅವತ್ತಿನ ಪಾಲಿನ ಧೈರ್ಯವೆಲ್ಲ ಕೋರ್ಟಿನಲ್ಲೇ ಖರ್ಚಾಗಿತ್ತು. ಈಗ ಕರೆಯುತ್ತಿದ್ದೇನೆ.

ಬೆಂಚಿನ ಸಂಗತಿ ದ್ಯಾಮಮ್ಮನಿಗೆ ಹೇಳಿದೆ. ಪೂರ್ತಿ ಕೇಳಿದಳು. ಜಗಲಿಗೆ ಬಂದು ನನ್ನ ಎದುರಿಗೇ ಕೂತುಬಿಟ್ಟಳು. ಏನಿದು ಅಂದೆ. "ಸೊಸೆಗೊಂದು ಕಾಯ್ದೆ, ನಂಗೊಂದು ಕಾಯ್ದೆನಾ? ನಲ್ವತ್ತೊರ್ಷದಿಂದ ಮಂಡಿ ನೋಯ್ತಾ ಐತೆ" ಅಂದಳು. ಅವತ್ತಿನಿಂದ ದಿನಾ ಸಂಜೆ ಅಲ್ಲೇ ಕೂರುತ್ತಾಳೆ. ಎಲೆ ಅಡಿಕೆ ತಟ್ಟೆ ನನ್ನ ಕಡೆ ತಳ್ಳುವುದಿಲ್ಲ, ತನ್ನ ಕಡೆಗೇ ಇಟ್ಟುಕೊಳ್ಳುತ್ತಾಳೆ.

ಭತ್ತದ ಅಗೆ ಎದ್ದು ಗೇಣುದ್ದ ಬಂದಿದೆ. ನಾಟಿಗೆ ಹಗ್ಗ ಹಿಡಿಯಲು ನೀನೇ ಆಗಬೇಕು. ಈ ವರ್ಷ ಬೆಳೆ ಸ್ಪರ್ಧೆಯ ಅರ್ಜಿಯಲ್ಲಿ ನಿನ್ನ ಹೆಸರು ಬರೆಸಿ ಬಂದಿದ್ದೇನೆ. ಗುಮಾಸ್ತ ಹೆಂಗಸಿನ ಹೆಸರು ಯಾಕೆ ಅಂದ, ಬರಿಯಪ್ಪ ಸುಮ್ಮನೆ ಅಂದೆ.

ಬುಧವಾರ ಸೊರಬದ ಬಸ್ಸಿಗೆ ಶಿರಾಳಕೊಪ್ಪಕ್ಕೆ ಬಾ. ಬಂಡಿ ಕಟ್ಟಿಕೊಂಡು ನಾನೇ ಬಂದಿರುತ್ತೇನೆ. ಹುಲ್ಲು ಹಾಕಿ, ಮೇಲೆ ಕಂಬಳಿ ಹಾಸಿರುತ್ತೇನೆ. ಹಿಂದೆ ನಡೆದು ಬರುತ್ತೇನೆ ಅನ್ನಬೇಡ. ನೀನು ನಡೆದರೆ ನಾನೂ ಇಳಿದು ನಡೆಯುತ್ತೇನೆ, ಈ ವಯಸ್ಸಿನಲ್ಲಿ ಎರಡು ಹರದಾರಿ ನಡೆಸಿದ ಪಾಪ ನಿನಗೆ.

ನಡುಮನೆಯ ಕಂಬಕ್ಕೂ ವಿಷಯ ತಿಳಿಸಿದ್ದೇನೆ. ಬುಧವಾರದಿಂದ ಅದಕ್ಕೆ ಸೂರು ಹೊರುವ ಕೆಲಸ ಮಾತ್ರ.

ನಿನ್ನ ಮಾವ,
ಹುಚ್ಚರಾಯಪ್ಪ